ಉಳಿದವರ ಖಾತೆ: ನನ್ನ ಪುನರ್ಜನ್ಮದ ಧಾರಾವಾಹಿ ಕಾಲೂರಿ ನಿಂತ ಬಗೆ

ಲಾರಿ ಗುದ್ದಿ ಸತ್ತ ನಾಯಕ ಮುಂದಿನ ಸಾಲಿನಲ್ಲೇ ಅರಮನೆಯ ತೊಟ್ಟಿಲಲ್ಲಿ ಕಣ್ಣು ಬಿಡುವ ಕಥೆಗಳನ್ನು ನಾನೂ ಬರೆದಿದ್ದೇನೆ. ಅವನು ಬಿಟ್ಟುಬಂದ ಹೆಂಡತಿ ಮಕ್ಕಳಿಗಾಗಿ ಕೊರಗಬೇಕು ಎಂದಾಗ ಬಾಗಲಕೋಟೆಯ ಬರಹಗಾರ ಗೆಳೆಯರು ನಕ್ಕರು. "ಅಳುವ ನಾಯಕನಿಗೆ ಯಾರು ದುಡ್ಡು ಕೊಡುತ್ತಾರೆ?"

ಮೊದಮೊದಲು ಅವರ ಮಾತೇ ನಿಜವಾಯಿತು. ಸ್ವಗತ, ಕನಸು, ಕಣ್ಣೀರು ಎಲ್ಲವನ್ನೂ ಸುರಿದೆ. ಹತ್ತನೆಯ ಕಂತಿಗೆ ಓದುಗರು ಅರ್ಧಕ್ಕಿಳಿದರು. ನಡುವೆ ಒಬ್ಬನನ್ನು ಆದಿಲ್‌ಶಾಹಿ ಸೈನಿಕನಾಗಿ ಹುಟ್ಟಿಸಿ, ಗೋಳಗುಮ್ಮಟದ ಪ್ರತಿಧ್ವನಿಯಲ್ಲಿ ಹಿಂದಿನ ಜನ್ಮದ ಮಗಳ ದನಿ ಕೇಳಿಸಿದೆ. ಒಳ್ಳೆಯ ಕಂತು ಅದು, ಈಗಲೂ ವಾದಿಸುತ್ತೇನೆ. ಓದುಗರು ಯುದ್ಧ ಯಾವಾಗ ಎಂದು ಕೇಳಿದರು. ಮುಖಚಿತ್ರಕ್ಕೆ ಕೊಟ್ಟ ಒಂದೂವರೆ ಸಾವಿರವೂ ಹುಟ್ಟಲಿಲ್ಲ.

ದಾರಿ ಸಿಕ್ಕಿದ್ದು ನಾಯಕನನ್ನು ಬಿಟ್ಟು ಉಳಿದವರ ಬೆನ್ನು ಹತ್ತಿದಾಗ. ಈ ಕಥೆಯ ನಾಯಕ ಹಳೆ ಬಾಗಲಕೋಟೆಯ ಸೀರೆ ವ್ಯಾಪಾರಿ, 1990ರ ದಶಕದ ಆರಂಭದಲ್ಲಿ ಸಾಯುತ್ತಾನೆ. ಆಮೇಲಿನ ಮೂವತ್ತು ವರ್ಷಗಳಲ್ಲಿ ಮನೆಯವರಿಗೆ ಏನಾಯಿತು ಎಂಬುದನ್ನಷ್ಟೇ ಒಂದು ವಹಿಯಲ್ಲಿ ಬರೆದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆ. ಪರಿಹಾರದ ಹಣಕ್ಕೆ ಹೆಂಡತಿ ಸಹಿ ಹಾಕುತ್ತಾಳೆ, ಮೈದುನ ಪಾಲು ಕೇಳುತ್ತಾನೆ, ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ಮನೆ ಏಳುತ್ತದೆ, ಮಗಳ ಮದುವೆಯಾಗುತ್ತದೆ. ವಹಿಯ ಮುಕ್ಕಾಲು ಪಾಲು ಪ್ರಕಟವಾಗಲೇ ಇಲ್ಲ. ಆದರೆ ಮರುಹುಟ್ಟಿ ಹತ್ತು ವರ್ಷದವನಾದ ನಾಯಕ, ಮಂತ್ರಶಕ್ತಿಯನ್ನೆಲ್ಲ ಇಟ್ಟುಕೊಂಡು ಓಣಿ ಹುಡುಕಿಕೊಂಡು ಬಂದಾಗ ಜಲಾಶಯ 519.6 ಮೀಟರ್‌ನ ಪೂರ್ಣ ಮಟ್ಟದವರೆಗೆ ತುಂಬಿದೆ, ಓಣಿ ನೀರಿನಡಿ ಇದೆ. ನವನಗರದಲ್ಲಿ ಮಗಳು ಸಿಗುತ್ತಾಳೆ, ಅವನ ಈಗಿನ ತಾಯಿಗಿಂತ ಹಿರಿಯಳು. "ಯಾರ ಮಗನಪ್ಪಾ ನೀನು?" ಎಂದು ಶೇಂಗಾ ಹೋಳಿಗೆ ಕೊಡುತ್ತಾಳೆ. ಅವನು ತಿನ್ನುತ್ತಾನೆ, ಅಷ್ಟೇ. ಆ ಕಂತಿಗೆ ಬಂದಷ್ಟು ಪತ್ರಗಳು ನನ್ನ ಯಾವ ಯುದ್ಧಕ್ಕೂ ಬಂದಿರಲಿಲ್ಲ.

ಈಗಿನ ತಾಯಿಗೂ ವಹಿಯಲ್ಲಿ ಒಂದು ಖಾತೆ ತೆರೆದೆ. ಇದನ್ನು ನಮ್ಮವರು ಯಾರೂ ಮಾಡುವುದಿಲ್ಲ. ಅವಳು ಹೆತ್ತದ್ದು ಕೂಸನ್ನು, ಸಿಕ್ಕಿದ್ದು ನಲವತ್ತು ದಾಟಿದ ಮನಸ್ಸು. ಹಟ ಮಾಡದ, ಬಿದ್ದರೂ ಅವಳನ್ನು ಕೂಗದ ಮಗನನ್ನು ಕಂಡು ದೇವರಿಗೆ ಹರಕೆ ಹೊರುತ್ತಾಳೆ. ಮರುಜನ್ಮದ ಬೆಲೆಯನ್ನು ನಾಯಕನೊಬ್ಬನೇ ತೆತ್ತರೆ ಕಥೆ ಅಗ್ಗವಾಗುತ್ತದೆ.

ಗಳಿಕೆ ಈಗ ತಿಂಗಳಿಗೆ ಹೆಚ್ಚುಕಡಿಮೆ ಏಳೆಂಟು ಸಾವಿರ. ಮೊದಲು ಚಹಾ ಖರ್ಚಿಗೂ ಸಾಲುತ್ತಿರಲಿಲ್ಲ. ಹಳೆಯ ಹೆಂಡತಿ ಎದುರಾಗುವ ಕಂತನ್ನು ಎಲ್ಲಿಟ್ಟೆ, ಅದರ ಹಿಂದಿನದನ್ನು ಹೇಗೆ ಮುಗಿಸಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಅನ್ನ. ಮುಂದಿನ ನಾಯಕ ಬನಹಟ್ಟಿಯ ನೇಕಾರ. ಸತ್ತಾಗ ಅವನ ಮೇಲಿದ್ದ ಸಾಲವನ್ನು ಮಗ ತೀರಿಸುತ್ತಿದ್ದಾನೆ; ವಹಿ ಆಗಲೇ ಅರ್ಧ ತುಂಬಿದೆ, ನಾಯಕ ಇನ್ನೂ ಹುಟ್ಟಿಲ್ಲ.