ಚಳಿಗೆ ಸ್ಟಾರ್ಟ್ ಆಗದ ಡೀಸೆಲ್ ಕಾರು: ಬೆಳಗಿನ ಐದು ಗಂಟೆಗೆ ಸಿಕ್ಕ ಉತ್ತರ

ಮೂಡಿಗೆರೆ ಕಡೆ ಗ್ಯಾರೇಜ್ ಇಟ್ಟವರಿಗೆಲ್ಲ ಈ ಕಾಟ ಗೊತ್ತಿರುತ್ತದೆ. ಡಿಸೆಂಬರ್ ಬಂತು ಅಂದ್ರೆ ಹಳೇ ಡೀಸೆಲ್ ಗಾಡಿಗಳು ಬೆಳಿಗ್ಗೆ ಏಳಲ್ಲ. ಹತ್ತು ಗಂಟೆಗೆ ಬಿಸಿಲು ಬಿದ್ದ ಮೇಲೆ ಗ್ಯಾರೇಜಿಗೆ ಬರುತ್ತವೆ, ಅರ್ಧ ಕೀಲಿಗೇ ಸ್ಟಾರ್ಟ್ ಆಗುತ್ತವೆ. ಇನ್ನು ನಾವು ನೋಡೋದಾದರೂ ಏನನ್ನ?

ಹೋದ ಕುಯ್ಲಿನ ಸಮಯದಲ್ಲಿ ಕೊಟ್ಟಿಗೆಹಾರದ ಹತ್ತಿರದ ಒಬ್ಬ ಗೌಡರ ಕಾರು ನನ್ನ ಹತ್ತಿರ ಬಂತು. 1400 ಸಿಸಿ, ಟರ್ಬೊ ಇಲ್ಲದ ಐಡಿಐ ಎಂಜಿನ್, ಅಂದ್ರೆ ಡೀಸೆಲ್ಲನ್ನ ನೇರ ಸಿಲಿಂಡರಿಗಲ್ಲದೆ ಪಕ್ಕದ ಪುಟ್ಟ ಕೋಣೆಗೆ ಸಿಂಪಡಿಸೋ ಹಳೇ ಮಾದರಿ. ಓಡಿದ್ದು ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಇರಬೇಕು. ಮಗಳನ್ನ ಆರೂವರೆ ಬಸ್ಸಿಗೆ ಬಿಡಬೇಕು, ಗಾಡಿ ಏಳಲ್ಲ. ಅದಕ್ಕೇ ದಿನಾ ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ತಳ್ಳಿದರೆ ಹೊಗೆ ಕಾರುತ್ತಾ ಸ್ಟಾರ್ಟ್ ಆಗುತ್ತಿತ್ತು.

ನನ್ನ ಹತ್ತಿರ ಬರೋ ಹೊತ್ತಿಗೆ ಆಗಲೇ ಮೂರು ಕಡೆ ದುಡ್ಡು ಸುರಿದಿದ್ದರು. ಮೊದಲು ಬ್ಯಾಟರಿ, ಐದೂವರೆ ಸಾವಿರ. ಯಾರೋ ಹಳೇ ಬ್ಯಾಟರಿಯನ್ನ ಒಂದು ರಾತ್ರಿ ಅಡುಗೆಮನೆ ಒಲೆ ಪಕ್ಕ ಇಡಿಸಿದ್ದರು. ಮಾರನೇ ದಿನ ಗಾಡಿ ಸ್ಟಾರ್ಟ್ ಆಯ್ತು, ಹಾಗಾಗಿ ಬ್ಯಾಟರಿನೇ ಕೆಟ್ಟಿದೆ ಅಂತ ಎಲ್ಲರೂ ಒಪ್ಪಿಕೊಂಡರು. ಹೊಸದು ಹಾಕಿದ ವಾರಕ್ಕೆ ಮತ್ತೆ ಅದೇ ಕತೆ. ಆಮೇಲೆ ಸ್ಟಾರ್ಟರ್‌ಗೆ (ಎಂಜಿನ್ ತಿರುಗಿಸೋ ಸೆಲ್ಫ್ ಮೋಟರ್) ಬುಷ್, ಕಾರ್ಬನ್ ಬ್ರಷ್, ಎರಡು ಸಾವಿರದ ಎಂಟುನೂರು. ಕೊನೆಗೆ ಎಂಜಿನ್ನಿಗೆ ಡೀಸೆಲ್ ಕೊಡೋ ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್, ನಾಜಲ್ ಸೇರಿ ಹದಿನಾಲ್ಕು ಸಾವಿರ. ಪಂಪಿನ ದುಡ್ಡು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ, ಅದರಲ್ಲಿ ಹಸಿ ಡೀಸೆಲ್ ವಾಸನೆ. ಅಂದ್ರೆ ಡೀಸೆಲ್ ಬರ್ತಾ ಇದೆ, ಉರೀತಾ ಇಲ್ಲ. ಹಾಗಿದ್ದ ಮೇಲೆ ಪಂಪ್ ಬಿಚ್ಚೋದು ಯಾಕೆ?

ನಾನೂ ಮೊದಲ ವಾರ ಸೋತೆ, ಅದನ್ನ ಮುಚ್ಚಿಡಲ್ಲ. ಕಂಪ್ರೆಶನ್, ಅಂದ್ರೆ ಸಿಲಿಂಡರಿನೊಳಗಿನ ಒತ್ತಡ ನೋಡಿದೆ, ನಾಲ್ಕರಲ್ಲೂ 380 ಪಿಎಸ್‌ಐ ಆಸುಪಾಸು, ಅಲ್ಲಿ ತೊಂದರೆ ಕಾಣಲಿಲ್ಲ. ಡೀಸೆಲ್ ಪೈಪು ಏರ್ ಎಳೀತಿದೆಯೇನೋ ಅಂತ ಲೀಟರ್ ಬಾಟಲಿಯಲ್ಲಿ ಡೀಸೆಲ್ ತುಂಬಿ, ಪಂಪಿಗಿಂತ ಎತ್ತರಕ್ಕೆ ಬಾನೆಟ್ಟಿಗೆ ತೂಗುಹಾಕಿ ನೇರ ಪಂಪಿಗೆ ಕೊಟ್ಟೆ. ಬೆಳಿಗ್ಗೆ ಅದೇ ಹಾಡು. ಒಂದು ರಾತ್ರಿ ಬಾನೆಟ್ ಒಳಗೆ 100 ವ್ಯಾಟ್ ಬಲ್ಬ್ ಉರಿಸಿ ಮೇಲೆ ಗೋಣಿಚೀಲ ಹೊದೆಸಿದೆ. ಸ್ಟಾರ್ಟ್ ಆಯ್ತು. ಆದರೆ ಯಾಕೆ ಆಯ್ತು ಅಂತ ಅದರಿಂದ ಏನೂ ತಿಳಿಯಲಿಲ್ಲ. ಈಥರ್ ಸ್ಪ್ರೇ ಹೊಡಿ ಅಂತ ಒಬ್ಬ ಹೇಳಿದ. ಹೀಟರ್ ಪ್ಲಗ್ (ಸ್ಟಾರ್ಟ್ ಮಾಡೋ ಮುಂಚೆ ಎಂಜಿನ್ ಒಳಗೆ ಬಿಸಿ ಮಾಡೋ ಪ್ಲಗ್) ಇರೋ ಎಂಜಿನ್ನಿಗೆ ಅದನ್ನ ನಾನು ಜನ್ಮದಲ್ಲಿ ಹೊಡೆಯಲ್ಲ, ಪಿಸ್ಟನ್ ಒಡೆದುಹೋಗಬಹುದು.

ಆಗ ಒಂದು ತೀರ್ಮಾನಕ್ಕೆ ಬಂದೆ. ಕಾಯಿಲೆ ಇರೋ ಹೊತ್ತಲ್ಲೇ ಅಳೆಯಬೇಕು. ಗೌಡರ ಮನೆಯಲ್ಲೇ ರಾತ್ರಿ ಉಳಿದೆ. "ಇಷ್ಟಕ್ಕೆ ಇಲ್ಲೇ ಮಲಗ್ಬೇಕಾ ಮಾರಾಯ?" ಅಂತ ಅವರು ನಕ್ಕರು. ನನ್ನ ಹುಡುಗನಿಗೂ ನಂಬಿಕೆ ಇರಲಿಲ್ಲ.

ಬೆಳಗಿನ ಐದೂಕಾಲು. ಥರ್ಮಾಮೀಟರ್ 11 ಡಿಗ್ರಿ ತೋರಿಸುತ್ತಿತ್ತು. ಗಾಜಿನ ಮೇಲೆಲ್ಲ ಇಬ್ಬನಿ. ಹುಡುಗ ಕೀಲಿ ಹಿಡಿದ, ನಾನು ಟಾರ್ಚ್ ಬಾಯಲ್ಲಿ ಕಚ್ಚಿ ಮೀಟರ್ ಹಿಡಿದೆ. ಬ್ಯಾಟರಿ ಸುಮ್ನೆ ಇದ್ದಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 9.5. ಇದೇನೂ ಕೆಟ್ಟ ಲೆಕ್ಕ ಅಲ್ಲ. ಪಾಸಿಟಿವ್‌ನಿಂದ ಸ್ಟಾರ್ಟರ್ ಬೋಲ್ಟಿಗೆ ಹೋಗೋ ದಾರಿಯಲ್ಲಿ ಕಳೆದುಹೋಗುತ್ತಿದ್ದದ್ದು 0.3. ಆಮೇಲೆ ಒಂದು ಪಿನ್ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಒತ್ತಿ "ಹೊಡಿ" ಅಂದೆ. 1.5 ವೋಲ್ಟ್! ಅಲ್ಲಿ 0.2 ದಾಟಬಾರದು. ಸ್ಟಾರ್ಟರಿಗೆ ಉಳಿದದ್ದು ಏಳೂಮುಕ್ಕಾಲು, ಎಂಜಿನ್ ಹೇಗೆ ತಿರುಗುತ್ತೆ ಹೇಳಿ?

ಜಂಪರ್ ಕೇಬಲ್ಲಿನ ಒಂದು ಎಳೆ ತೆಗೆದು ನೆಗೆಟಿವ್‌ನಿಂದ ನೇರ ಬ್ಲಾಕಿಗೆ ಕಚ್ಚಿಸಿದೆ. ಅಳುತ್ತಿದ್ದ ಸೆಲ್ಫ್ ಗರಗರ ತಿರುಗಿತು. ಗಾಡಿ ಸ್ಟಾರ್ಟೂ ಆಯ್ತು, ಆದರೆ ಎರಡೇ ಸಿಲಿಂಡರ್‌ನಲ್ಲಿ. ನಡುಗುತ್ತಾ, ಹೊಗೆ ಬಿಡುತ್ತಾ, ಅರ್ಧ ನಿಮಿಷದ ಮೇಲೆ ಸರಿಹೋಯಿತು.

ಅಂದ್ರೆ ತೊಂದರೆ ಎರಡಿದ್ದವು. ಹೀಟರ್ ಪ್ಲಗ್ಗುಗಳಿಗೆ ಕರೆಂಟ್ ಕೊಡೋ ಪಟ್ಟಿ ಬಿಚ್ಚಿ ಕರೆಂಟ್ ಅಳೆಯೋ ಕ್ಲ್ಯಾಂಪ್ ಮೀಟರಿನಲ್ಲಿ ಒಂದೊಂದನ್ನೇ ನೋಡಿದೆ. ಬಿಸಿಯಾದ ಮೇಲೆ ಪ್ಲಗ್ಗಿಗೆ ಹತ್ತು ಹನ್ನೆರಡು ಆಂಪ್ ಎಳೆಯಬೇಕು. ಎರಡು ಎಳೆದವು, ಎರಡು ಸೊನ್ನೆ. ಹಿಂದೆ ಯಾರೋ ಹೀಟರನ್ನ ತಾನೇ ಆಫ್ ಮಾಡೋ ಟೈಮರ್ ಕಿತ್ತು ಬೆಲ್ ಸ್ವಿಚ್ ಹಾಕಿದ್ದರು. ಗೌಡರು ಚಳಿ ಜಾಸ್ತಿ ಅಂತ ಅದನ್ನ ಒಂದೊಂದು ನಿಮಿಷ ಒತ್ತುತ್ತಿದ್ದರಂತೆ. ತುದಿ ಊದಿ ಸುಟ್ಟುಹೋಗಿದ್ದವು. ಊದಿದ ಪ್ಲಗ್ಗನ್ನ ಹೆಡ್ಡಿನೊಳಗೆ ಮುರಿಯದ ಹಾಗೆ ತೆಗೆಯೋದು ನನ್ನದೇ ಒಂದು ಉಪಾಯ. ಅದೊಂದು ನನ್ನ ಹತ್ತಿರವೇ ಇರಲಿ, ಇದುವರೆಗೆ ಒಂದೂ ಮುರಿದಿಲ್ಲ.

ಸೆಲ್ಫ್ ಜೋರಾಗಿ ತಿರುಗಿದ್ದರೆ ಎರಡು ಪ್ಲಗ್ಗಿನಲ್ಲೂ ಗಾಡಿ ಹೇಗೋ ಏಳುತ್ತಿತ್ತು. ನಾಲ್ಕೂ ಪ್ಲಗ್ ಇದ್ದಿದ್ದರೆ ನಿಧಾನ ತಿರುಗಿದರೂ ಏಳುತ್ತಿತ್ತು. ಎರಡೂ ಸೇರಿದ್ದಕ್ಕೇ ಎಲ್ಲರೂ ದಾರಿ ತಪ್ಪಿದ್ದು. ಒಲೆ ಪಕ್ಕದ ಬ್ಯಾಟರಿ, ಇಳಿಜಾರು ಎಂಜಿನ್ನನ್ನ ಜೋರಾಗಿ ತಿರುಗಿಸಿದವು, ಬಲ್ಬು ಬಿಸಿ ಕೊಟ್ಟಿತು, ಎಲ್ಲದಕ್ಕೂ ಇದೇ ಉತ್ತರ.

ಬ್ಯಾಟರಿ ನೆಗೆಟಿವ್‌ನಿಂದ ಬ್ಲಾಕಿಗೆ ಹೋಗೋ ಅರ್ತ್ ಪಟ್ಟಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿದರೆ ಲಗ್ (ತುದಿಯ ಲೋಹದ ಬಳೆ) ಅಡಿಯಲ್ಲಿ ಹಸಿರು ಕಿಲುಬು, ಹೆಣಿಗೆಯ ತಾಮ್ರ ಬೆರಳಲ್ಲಿ ಉಜ್ಜಿದರೆ ಪುಡಿಪುಡಿ. ಮಲೆನಾಡಿನ ಮಳೆ ಅಲ್ವಾ. ಅದನ್ನ ಎಸೆದು 25 ಚದರ ಎಂಎಂ ವೆಲ್ಡಿಂಗ್ ಕೇಬಲ್ಲಿಗೆ ಲಗ್ ಒತ್ತಿ ಹಾಕಿದೆ, ಬಣ್ಣ ಕೆರೆದು, ಮೇಲೆ ಗ್ರೀಸ್ ಬಳಿದು. ನಾಲ್ಕು ಪ್ಲಗ್, ಟೈಮರ್ ರಿಲೇ, ಕೇಬಲ್, ನನ್ನ ಕೂಲಿ ಸೇರಿ ನಾಲ್ಕು ಸಾವಿರದ ಒಳಗೆ ಮುಗಿಯಿತು. ಬೆಲ್ ಸ್ವಿಚ್ಚನ್ನ ನಾನೇ ಕಿತ್ತು ತಂದೆ.

ಮಾರನೇ ದಿನ ಅದೇ ಹೊತ್ತು, ಅದೇ ಚಳಿ. ಹತ್ತು ಸೆಕೆಂಡ್ ಹೀಟರ್, ಎರಡನೇ ಸುತ್ತಿಗೆ ಎಂಜಿನ್ ಎದ್ದಿತು. ನೆಗೆಟಿವ್ ಕಡೆ 0.15. ಗೌಡರು ಅವತ್ತಿನಿಂದ ಕಾರನ್ನ ಅಂಗಳದ ಸಮತಟ್ಟಿನಲ್ಲೇ ನಿಲ್ಲಿಸುತ್ತಿದ್ದಾರೆ. ಈಗ ಪಿಕಪ್ಪಿಗೂ ಅದೇ ಕೇಬಲ್ ಹಾಕಿಕೊಡು ಅಂತ ಹಿಂದೆ ಬಿದ್ದಿದ್ದಾರೆ. ಮೊದಲು ಒಂದು ರಾತ್ರಿ ಉಳಿದು ಬೆಳಿಗ್ಗೆ ಅಳೆದು ನೋಡ್ತೀನಿ ಗೌಡ್ರೆ ಅಂದಿದ್ದೇನೆ.