ಎಸ್‌ಯುವಿ ಏರಿತ್ತು, ಗಡ್ಡೆ ಕರಗಿತ್ತು

ಪಿಎಸ್‌ಎಂಎ ಪೆಟ್ (ಪ್ರಾಸ್ಟೇಟ್ ಕ್ಯಾನ್ಸರ್ ಗಡ್ಡೆಗಳು ಹೊಳೆದು ಕಾಣುವ ಸ್ಕ್ಯಾನ್) ರಿಪೋರ್ಟಿನಲ್ಲಿ ನಾನು ರಕ್ತದ ಹೊಳಪಿನ ಅಳತೆಯನ್ನೂ ಹಾಕಲು ಶುರುಮಾಡಿದಾಗ "ಸುಮ್ನೆ ಕೆಲಸ ಜಾಸ್ತಿ ಮಾಡ್ತೀರಿ" ಅಂದವರೇ ಈಗ ಅದಿಲ್ಲದಿದ್ದರೆ ಎಲ್ಲಿ ಅಂತ ಕೇಳುತ್ತಾರೆ. ಸ್ವಲ್ಪ ಜಂಬ ಬಂದಿದೆ, ಇರಲಿ.

ಮೊದಲು ನಾನೇ ಎಡವಿದ್ದು. ಒಬ್ಬರಿಗೆ ಮೂಳೆ ತುಂಬಾ ಗಡ್ಡೆ, ಎಲ್ಲ ಸೇರಿ ಒಂದೂವರೆ ಲೀಟರ್ ಆಸುಪಾಸು. ಎರಡು ಸಲ ಲುಟೇಶಿಯಂ (ಗಡ್ಡೆಗೆ ಹೋಗಿ ಕೂರುವ ವಿಕಿರಣದ ಔಷಧಿ) ಆದ ಮೇಲೆ ಅರ್ಧಕ್ಕಿಂತ ಜಾಸ್ತಿ ಮಾಯ, ರಕ್ತಪರೀಕ್ಷೆಯ ಪಿಎಸ್‌ಎ ಕೂಡ ಇಳಿದಿತ್ತು. ಆದರೆ ಉಳಿದ ಗಡ್ಡೆಯ ಎಸ್‌ಯುವಿ (ಸ್ಕ್ಯಾನಿನಲ್ಲಿ ಎಷ್ಟು ಹೊಳೆಯುತ್ತದೆ ಅನ್ನುವ ಸಂಖ್ಯೆ) 12 ಇದ್ದದ್ದು 17. ರೋಗ ಏರಿದೆ ಅಂತ ಬರೆದುಬಿಟ್ಟೆ. ಚೆನ್ನಾಗಿ ಬೈಸಿಕೊಂಡೆ.

ಪರೋಟಿಡ್ (ಕಿವಿಯ ಬಳಿಯ ಜೊಲ್ಲು ಗ್ರಂಥಿ) ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಅದೂ 6ರಿಂದ 11ಕ್ಕೆ ಹೋಗಿತ್ತು. ಗಡ್ಡೆ ಅಷ್ಟಿದ್ದಾಗ ಟ್ರೇಸರನ್ನೆಲ್ಲ (ಸ್ಕ್ಯಾನಿಗೆ ಚುಚ್ಚುವ, ಹೊಳೆಯುವ ಮದ್ದು) ಅದೇ ನುಂಗುತ್ತದೆ, ಜೊಲ್ಲು ಗ್ರಂಥಿಗೆ, ಕಿಡ್ನಿಗೆ ಉಳಿದದ್ದು, ಗಡ್ಡೆಗಳೂ ಇದ್ದದ್ದರಲ್ಲೇ ಹಂಚಿಕೊಳ್ಳಬೇಕು. ಗಡ್ಡೆ ಕರಗಿದರೆ ಉಳಿದವಕ್ಕೆಲ್ಲ ಪಾಲು ಜಾಸ್ತಿ. ಎಸ್‌ಯುವಿಗೆ ಗೊತ್ತಿರುವುದು ಡೋಸು, ತೂಕ ಅಷ್ಟೇ ಅಲ್ವಾ.

ಗಡ್ಡೆಯ ಒಟ್ಟು ಅಳತೆ ಸಿಕ್ಕರೆ ಸರಿಪಡಿಸಬಹುದು ಅಂತ ಒಂದು ಸಾಫ್ಟ್‌ವೇರಿಗೆ ಕೈಯಿಂದ ಮೂರು ತಿಂಗಳ ಸಂಬಳ ಸುರಿದೆ. ಅದು ಮೂತ್ರನಾಳವನ್ನೂ ಗಡ್ಡೆ ಅಂತ ಎಣಿಸಿತು. ಒಂದೊಂದು ಸ್ಕ್ಯಾನಿಗೆ ನಲವತ್ತು ನಿಮಿಷ ಕೂತು ಕೈಯಲ್ಲಿ ಅಳಿಸಿದೆ. ಪರೋಟಿಡ್‌ನಿಂದ ಭಾಗಿಸಿಯೂ ನೋಡಿದೆ, ಅದೇ ಕುಣಿಯುತ್ತಿದ್ದರೆ ಅಳತೆಗೋಲು ಹೇಗಾದೀತು? ಪೃಷ್ಠದ ಸ್ನಾಯುವಿನಿಂದ ಭಾಗಿಸಿದರೆ ಬರೀ ನಾಯ್ಸ್, ನೆಚ್ಚಲಾಗದ ಸಂಖ್ಯೆ.

ಕೊನೆಗೆ ಕೆಲಸಕ್ಕೆ ಬಂದದ್ದು ಖರ್ಚೇ ಇಲ್ಲದ ದಾರಿ. ಗಡ್ಡೆಯ ಎಸ್‌ಯುವಿಯನ್ನು ಅಯೋರ್ಟಾದ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ರಕ್ತದ ಸರಾಸರಿ ಎಸ್‌ಯುವಿಯಿಂದ ಭಾಗಿಸುವುದು. ಗಡ್ಡೆಗೆ ಟ್ರೇಸರ್ ಬರುವುದು ರಕ್ತದಿಂದಲೇ ಅಲ್ವಾ. ಅದೇ ರೋಗಿಯ ರಕ್ತ ಮೊದಲು 0.8, ಆಮೇಲೆ 1.4. ಅಂದರೆ 15 ಇದ್ದದ್ದು 12ಕ್ಕೆ ಇಳಿದಿದೆ! ಹಳೆಯ ಮೂವತ್ತು ಚಿಲ್ಲರೆ ಸ್ಕ್ಯಾನ್ ತೆಗೆದು ಮತ್ತೆ ಲೆಕ್ಕ ಹಾಕಿದೆ. ಗಡ್ಡೆ ಕಡಿಮೆ ಇದ್ದವರಲ್ಲಿ ಎರಡೂ ಅಳತೆ ಒಂದೇ ಮಾತು ಹೇಳಿದವು, ಜಾಸ್ತಿ ಇದ್ದವರಲ್ಲಿ ಮಾತ್ರ ಜಗಳ.

ರಕ್ತದ ಸಂಖ್ಯೆ ಚಿಕ್ಕದು, 0.2 ತಪ್ಪಿದರೂ ಎಲ್ಲ ಅಡಿಮೇಲು. ಮೊದಲು ಇಳಿಯುವ ಅಯೋರ್ಟಾದಲ್ಲಿ ಅಳೆಯುತ್ತಿದ್ದೆ, ಪಕ್ಕದ ಬೆನ್ನುಮೂಳೆಯ ಗಡ್ಡೆಯ ಹೊಳಪು ಒಳಗೆ ಸೋರುತ್ತಿತ್ತು. ಈಗ ಮೇಲಿನ ಕಮಾನಿನಲ್ಲಿ, ಗೋಡೆ ಬಿಟ್ಟು, ಒಂದೆರಡು ಮಿಲಿಲೀಟರ್ ತೆಗೆದುಕೊಳ್ಳುತ್ತೇನೆ.

ಗಡಿಯಾರದ ಕಡೆಯೂ ಕಣ್ಣಿರಲಿ. ಹೊತ್ತು ಹೋದಂತೆ ರಕ್ತ ಇಳಿಯುತ್ತದೆ, ಗಡ್ಡೆ ಇನ್ನೂ ಹೀರುತ್ತಲೇ ಇರುತ್ತದೆ. ಒಮ್ಮೆ ಯಂತ್ರ ಕೈಕೊಟ್ಟು ಸ್ಕ್ಯಾನ್ ನಲವತ್ತು ನಿಮಿಷ ತಡವಾಯಿತು. ಅನುಪಾತ ಒಂದೂವರೆ ಪಟ್ಟು ಏರಿತು, ಈ ಸಲ ಮಾತ್ರ ನಾನು ರೋಗ ಏರಿದೆ ಅಂತ ಬರೆಯಲಿಲ್ಲ.