ಕಬ್ಬಿನ ಟ್ರಾಕ್ಟರ್‌ಗೆ ಆಯಿಲ್ ಬದಲಿಸೋದು ಯಾವಾಗ? ನನ್ನ ಅನುಭವ

ವರ್ಷಕ್ಕೊಮ್ಮೆ, ಯುಗಾದಿ ಹೊತ್ತಿಗೆ, ಟ್ರಾಕ್ಟರ್‌ನ ಇಂಜಿನ್ ಆಯಿಲ್ ಬದಲಿಸುತ್ತಿದ್ದೆ. ಕಳೆದ ಸೀಸನ್‌ನಲ್ಲಿ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವಾಗ ಏರಿನಲ್ಲಿ ಮೀಟರ್ ಬೋರ್ಡಿನಲ್ಲಿ ಆಯಿಲ್ ಎಚ್ಚರಿಕೆಯ ದೀಪ ಹತ್ತಿತು. ಎದೆ ಧಸಕ್ಕೆಂದಿತು. ತಕ್ಷಣ ನಿಲ್ಲಿಸಿ ಆಯಿಲ್ ಮಟ್ಟ ನೋಡುವ ಕಡ್ಡಿ ತೆಗೆದು ನೋಡಿದೆ. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

ಕಂಪನಿ ಪುಸ್ತಕ ತೆರೆದರೆ 250 ಗಂಟೆಗೆ ಬದಲಿಸಿ ಎಂದಿತ್ತು. ದಿನಕ್ಕೆ 10 ಗಂಟೆ ಓಡಿದರೆ 25 ದಿನಕ್ಕೇ ಮುಗೀತು ಅಲ್ವಾ! ಕ್ಯಾಲೆಂಡರ್ ನಂಬಿದ್ದೇ ತಪ್ಪು.

ಇಂಜಿನ್ ಬೆಚ್ಚಗಿರುವಾಗಲೇ ಹಳೆಯದನ್ನು ಪೂರ್ತಿ ಇಳಿಸಿ, ಫಿಲ್ಟರ್ ಸಹ ಬದಲಿಸಿ, 15ಡಬ್ಲ್ಯೂ40 ಗ್ರೇಡಿನ ಹೊಸ ಆಯಿಲ್ ಹಾಕಿದೆ. ದೀಪ ಮತ್ತೆ ಹತ್ತಿಲ್ಲ. ಈಗ ಇಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅವರ್ ಮೀಟರ್ ನೋಡಿ, ಭಾರ ಜಾಸ್ತಿ ಎಳೆಯುವಾಗ 200ಕ್ಕೇ ಬದಲಿಸುತ್ತೇನೆ. ದಿನಾ ಬೆಳಿಗ್ಗೆ ಕಡ್ಡಿ ನೋಡುತ್ತೇನೆ. ಬಣ್ಣ ನೋಡಿ ಸುಮ್ನೆ ಗಾಬರಿಯಾಗಬೇಡಿ, ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ.